ಹಾಡು ಕೇಳಿಸಿ ಸಹಿ ಹಾಕಿಸಿಕೊಂಡ ರಿಪೇರಿಗಳು

ನನ್ನ ತಂಗಿಯ ಮಗಳು ಪಲ್ಲವಿ ಈ ವರ್ಷ ಲ್ಯಾಪ್‌ಟಾಪ್ ರಿಪೇರಿ ಮಾಡುವ ಒಂದು ಕಡೆ ಕೆಲಸಕ್ಕೆ ಸೇರಿದ್ದಾಳೆ. ಮೊದಲ ವಾರ ಮುಗಿಸಿ ಮನೆಗೆ ಬಂದವಳು, "ಮಾವ, ನಿಮ್ಮ ಕಾಲ್ದಲ್ಲಿ ಇಂಟರ್ನೆಟ್ಟಲ್ಲಿ ನೋಡ್ಕೊಳ್ಳೋ ಹಂಗೂ ಇರ್ಲಿಲ್ಲ. ಏನು ಕೆಟ್ಟಿದೆ ಅಂತ ಹೆಂಗೆ ಗೊತ್ತಾಗ್ತಿತ್ತು?" ಎಂದು ಕೇಳಿದಳು.

"ಗೊತ್ತಾಗ್ತಿರ್ಲಿಲ್ಲ ಕಣೆ. ಗೊತ್ತಿದ್ದವರ ಥರ ಮುಖ ಮಾಡ್ಕೊಂಡು ಸ್ಕ್ರೂ ಬಿಚ್ತಿದ್ವಿ" ಎಂದೆ.

ಅವಳು ನಕ್ಕಳು. ನಾನು ತಮಾಷೆಗೆ ಹೇಳಿರಲಿಲ್ಲ. ಈ ಕಸುಬಿಗೆ ಬರುವ ಮಕ್ಕಳಿಗೆ ಅದನ್ನೇ ಸ್ವಲ್ಪ ಬಿಡಿಸಿ ಹೇಳೋಣ ಎಂದು ಬರೆಯಲು ಕೂತಿದ್ದೇನೆ. ಎಷ್ಟು ವರ್ಷ ದುಡಿದೆ, ಯಾವಾಗ ಸ್ವಂತ ಅಂಗಡಿ ಹಾಕಿದೆ ಎಂಬುದರಲ್ಲಿ ನಿಮಗೆ ಕಲಿಯುವಂಥದ್ದು ಏನೂ ಇಲ್ಲ. ಎಲ್ಲೆಲ್ಲಿ ಎಡವಿದೆ ಎಂಬುದರಲ್ಲಿ ಇರಬಹುದು.

ನಾನು ಮೊದಲು ರೇಡಿಯೊ, ಟೇಪ್ ರೆಕಾರ್ಡರ್ ರಿಪೇರಿಯವನು. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಟೈಲರ್ ಅಂಗಡಿಯ ಮಗ್ಗುಲಲ್ಲಿ ಕಾಲು ಚಾಚಿದರೆ ಗೋಡೆಗೆ ತಾಗುವಷ್ಟು ಜಾಗ ಇಟ್ಟುಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಂತೆ ಟೇಪ್ ರೆಕಾರ್ಡರ್ ತರುವವರು ಕಡಿಮೆಯಾದರು. ಮೂವತ್ತೈದು ದಾಟಿದ ಮೇಲೆ ಕಾಲೇಜು ಹುಡುಗರ ನಡುವೆ ಕೂತು ಮೂರು ತಿಂಗಳ ಹಾರ್ಡ್‌ವೇರ್ ಕೋರ್ಸ್ ಮಾಡಿದೆ. ಹುಡುಗರು ನನ್ನನ್ನೇ ಮೇಷ್ಟ್ರು ಎಂದುಕೊಂಡು ಎದ್ದು ನಿಲ್ಲುತ್ತಿದ್ದರು. ಆಮೇಲೆ ಕಂಪ್ಯೂಟರ್ ಜೋಡಿಸಿ ಮಾರುವ ಒಂದು ಅಂಗಡಿಗೆ ಸರ್ವಿಸ್ ಕೆಲಸಕ್ಕೆ ಸೇರಿದೆ. ಅದರ ಮಾಲೀಕರು ಮಂಜಪ್ಪ ಸಾರ್.

ರೇಡಿಯೊದವನು ಎಂಬ ಕಾರಣಕ್ಕೆ ಸೌಂಡಿನ ದೂರುಗಳೆಲ್ಲ ನನ್ನ ಪಾಲಿಗೆ ಬಂದವು. ಯಾರೇ ಫೋನ್ ಮಾಡಿ ದನಿ ಒಡೆಯುತ್ತದೆ, ಗೊರಗೊರ ಎನ್ನುತ್ತದೆ ಎಂದರೂ ಮಂಜಪ್ಪ ಸಾರ್ ಒಳಗಿನಿಂದಲೇ, "ಸೌಂಡಾ? ರುದ್ರೇಶನ್ನ ಕಳ್ಸು" ಎನ್ನುತ್ತಿದ್ದರು. ಆಗಿನ ಮನೆ ಕಂಪ್ಯೂಟರಿನಲ್ಲಿ ಸೌಂಡ್ ಎಂದರೆ ಸೊಸೆ ಬಂದ ಹೊಸತರಲ್ಲಿ ಇರುತ್ತದಲ್ಲ, ಆ ಥರದ ಸಂಭ್ರಮ. ಪರದೆ ಮಸುಕಾದರೆ ಜನ ಸಹಿಸಿಕೊಳ್ಳುತ್ತಿದ್ದರು. ಹಾಡು ಒಡೆದರೆ ಸಹಿಸುತ್ತಿರಲಿಲ್ಲ.

ಒಮ್ಮೆ ಗಾಜನೂರಿನ ಒಬ್ಬ ಮೇಷ್ಟ್ರ ಮನೆಗೆ ಹೋಗಿದ್ದೆ. ಹಾಡು ಹಾಕಿದರೆ ಹರಿದ ತಮಟೆಯ ಹಾಗೆ ಕೇಳುತ್ತಿತ್ತು. ಕ್ಯಾಬಿನೆಟ್ ಬಿಚ್ಚಿದೆ, ಸೌಂಡ್ ಕಾರ್ಡ್ ಕಿತ್ತು ಒರೆಸಿದೆ, ಅದನ್ನು ನಡೆಸುವ ಡ್ರೈವರ್ ಪ್ರೋಗ್ರಾಮನ್ನು ಮತ್ತೆ ಹಾಕಿದೆ. ಎರಡು ಗಂಟೆ ಬೆವರಿಳಿಸಿದರೂ ತಮಟೆ ತಮಟೆಯೇ. ಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಮೇಷ್ಟ್ರ ತಾಯಿ, "ಅಲ್ಲಪ್ಪ, ಅಷ್ಟು ಜೋರಾಗಿ ಕೂಗಿದ್ರೆ ಮನುಷ್ಯರ ಗಂಟ್ಲೂ ಒಡೀತದೆ. ಸ್ವಲ್ಪ ಸಣ್ಣಕ್ಕೆ ಮಾಡಿ ನೋಡಿದ್ಯ?" ಎಂದರು. ಪರದೆಯ ಮೇಲಿನ ವಾಲ್ಯೂಮ್ ತುದಿ ಮುಟ್ಟಿತ್ತು, ಸ್ಪೀಕರಿನ ತಿರುಗಣೆಯೂ ತುದಿ ಮುಟ್ಟಿತ್ತು. ಒಂದನ್ನು ಅರ್ಧಕ್ಕೆ ಇಳಿಸಿದೆ, ದನಿ ತಿಳಿಯಾಯಿತು. ಆ ಅಜ್ಜಿಯ ಮುಂದೆ ಬಿಚ್ಚಿದ ಸ್ಕ್ರೂಗಳನ್ನೆಲ್ಲ ಒಂದೊಂದಾಗಿ ವಾಪಸ್ ಹಾಕುವಾಗ ನನಗಾದ ನಾಚಿಕೆ ಅಷ್ಟಿಷ್ಟಲ್ಲ. ಮಜ್ಜಿಗೆ ಕೊಟ್ಟು ಕಳಿಸಿದರು.

ಇನ್ನೊಂದು ಸಲ ಶಿವಮೊಗ್ಗದಲ್ಲೇ ಒಂದು ಅಡಿಕೆ ಮಂಡಿ. ಅಲ್ಲಿನ ಕಂಪ್ಯೂಟರಿನಲ್ಲಿ ಹಾಡಿನ ಹಿಂದೆ ಸದಾ ಒಂದು ಗುಂಯ್‌ಗುಟ್ಟುವ ಸದ್ದು. ನೋಡಿದರೆ ಪ್ಲಗ್ಗಿನ ಮೂರನೇ ಪಿನ್ನನ್ನು, ಅಂದರೆ ಅರ್ಥಿಂಗ್ ಪಿನ್ನನ್ನು, ಯಾರೋ ಗರಗಸದಲ್ಲಿ ಕೊಯ್ದುಬಿಟ್ಟಿದ್ದರು. ಗೋಡೆಯ ಸಾಕೆಟ್ಟಿಗೆ ಎರಡೇ ತೂತು ಇತ್ತಂತೆ. ಮಂಡಿ ಮಾಲೀಕರು, "ಮಾರಾಯ, ಎರಡರಲ್ಲೇ ಓಡ್ತಿದ್ಯಲ್ಲ, ಮೂರನೇದು ದಂಡಕ್ಕೆ ಯಾಕೆ?" ಎಂದರು. ಕ್ಯಾಬಿನೆಟ್ಟಿನ ಮೇಲೆ ಕೈ ಇಡಿ ಎಂದೆ. ಇಟ್ಟು ಜುಮ್ ಎಂದು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಇನ್ನು ಮಂಜಪ್ಪ ಸಾರ್ ವಿಷಯ. ಅವರು ಕೆಟ್ಟವರಲ್ಲ. ನನ್ನ ಹೆಂಡತಿಗೆ ಆಪರೇಷನ್ ಆದಾಗ ಹದಿನೈದು ದಿನ ಕೆಲಸಕ್ಕೆ ಬರಬೇಡ ಎಂದು ತಾವೇ ಕಳಿಸಿದವರು. ಆದರೆ ಕೆಲಸದಲ್ಲಿ ಅವರಿಗೆ ಬೇಕಾಗಿದ್ದು ಒಂದೇ, ಸಂಜೆಯೊಳಗೆ ದೂರಿನ ಚೀಟಿಯ ಮೇಲೆ ಗಿರಾಕಿಯ ಸಹಿ. ಅದಕ್ಕೆ ಅವರೊಂದು ಉಪಾಯ ಹೇಳಿಕೊಟ್ಟಿದ್ದರು. ನಮ್ಮೆಲ್ಲರ ಚೀಲದಲ್ಲೂ ಎರಡು ಹಾಡಿನ ಸಿಡಿ ಇರಬೇಕು, ಒಂದು ಭಕ್ತಿಗೀತೆಯದು, ಒಂದು ಸಿನಿಮಾದ್ದು. ಮನೆಯಲ್ಲಿ ಹಿರಿಯರಿದ್ದರೆ ಮೊದಲನೆಯದು, ಪ್ರಾಯದವರಿದ್ದರೆ ಎರಡನೆಯದು. "ರಿಪೇರಿ ಮುಗೀತಾ, ಸಿಡಿ ಹಾಕು. ಹಾಡು ಬಂತಾ, ಮುಖ ಅರಳುತ್ತೆ. ಅರಳಿದ ತಕ್ಷಣ ಚೀಟಿ ಮುಂದಿಡು. ಸಹಿ ತಗೋ, ಬಸ್ ಹತ್ತು" ಎನ್ನುತ್ತಿದ್ದರು. ಇದು ನಮ್ಮ ಅಂಗಡಿಯ ಕಟ್ಟಳೆ. ನಾನೂ ಅದನ್ನು ಚಾಚೂ ತಪ್ಪದೆ ಪಾಲಿಸಿದೆ. ಬಹಳ ಸಲ ಅದು ನಡೆದೂ ನಡೆಯಿತು. ಒಂದು ಸಲ ನಡೆಯಲಿಲ್ಲ, ಆ ಒಂದು ಸಲದ ಕಥೆಯನ್ನು ಪೂರ್ತಿ ಹೇಳಬೇಕು.

ಭದ್ರಾವತಿಯಲ್ಲಿ ಮುರುಗೇಶ ಎಂಬವರು ಕಾರ್ಖಾನೆ ಕೆಲಸದವರು. ಅಜ್ಜನ ಕಾಲದಲ್ಲಿ ತಮಿಳುನಾಡಿನಿಂದ ಬಂದು ಇಲ್ಲೇ ನೆಲೆ ನಿಂತ ಮನೆತನ. ಅವರ ಮನೆಗೆ ನಾನು ಮೊದಲು ಹೋದದ್ದು ಅವರ ಹಳೆಯ ಕಂಪ್ಯೂಟರಿಗೆ ಇಂಟರ್ನೆಟ್ ಬರಲಿ ಎಂದು ಒಂದು ಮೋಡೆಮ್ ಕಾರ್ಡ್ ಹಾಕಲು. ಟೆಲಿಫೋನ್ ತಂತಿಯನ್ನು ಕಂಪ್ಯೂಟರಿಗೆ ಸೇರಿಸುವ ಕಾರ್ಡು ಅದು. ಹತ್ತು ನಿಮಿಷದ ಕೆಲಸ. ಸೌಂಡ್ ಕಾರ್ಡಿನ ಪಕ್ಕದ ಖಾಲಿ ಸ್ಲಾಟಿನಲ್ಲಿ ತುರುಕಿ, ಸಹಿ ಹಾಕಿಸಿಕೊಂಡು ಬಂದೆ.

ಎರಡು ವಾರದ ಮೇಲೆ ಒಂದು ಬುಧವಾರ ಅದೇ ಮನೆಯಿಂದ ದೂರು, ದನಿ ಒಡೆಯುತ್ತಿದೆ ಎಂದು. ಹೋದೆ. ಕಂಪ್ಯೂಟರಿನ ಮುಂದೆ ನಲವತ್ತು ದಾಟಿದ ಒಬ್ಬ ಹೆಂಗಸು ನೆಟ್ಟಗೆ ಕೂತಿದ್ದರು. ಬಿಳಿ ಅಂಚಿನ ನೀಲಿ ಸೀರೆ, ಬಿಗಿಯಾಗಿ ಹೆಣೆದ ಜಡೆ, ಬೆರಳುಗಳು ಕೀಲಿಗಳ ಮೇಲೆ ಸಿದ್ಧವಾಗಿದ್ದವು.

"ನಮ್ಮಕ್ಕ, ವಸಂತಾ. ಕಣ್ಣು ಕಾಣ್ಸಲ್ಲ" ಎಂದರು ಮುರುಗೇಶ. "ಈ ಮೆಷಿನ್ ಪರದೆ ಮೇಲಿರೋದನ್ನ ಓದಿ ಹೇಳುತ್ತೆ. ಅದು ಸರಿ ಆಗ್ಬೇಕು ಸಾರ್. ಸೋಮವಾರ ಅಕ್ಕಂಗೆ ಪರೀಕ್ಷೆ ಇದೆ."

ಪರೀಕ್ಷೆ ಎಂದರೆ ಇದು. ವಸಂತಾ ಅವರು ಭದ್ರಾವತಿಯ ಓಲ್ಡ್ ಟೌನಿನಲ್ಲಿ ಚಂದ್ರಶೇಖರಯ್ಯ ಎಂಬ ವಕೀಲರ ಕಚೇರಿಯಲ್ಲಿ ಇಪ್ಪತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಇಂಗ್ಲಿಷ್ ನೋಟಿಸುಗಳು, ಕರಾರುಗಳು, ಹೈಕೋರ್ಟಿಗೆ ಹೋಗುವ ಕಾಗದಗಳು ಇವರ ಕೈಯಿಂದ ಹೊರಡುತ್ತಿದ್ದವು. ಮೂರು ವರ್ಷದಲ್ಲಿ ಕಣ್ಣಿನ ನರ ಒಣಗುತ್ತಾ ಬಂದು ಕೊನೆಗೆ ಬೆಳಕು ಕತ್ತಲೆ ಬಿಟ್ಟರೆ ಏನೂ ಕಾಣದಾಯಿತು. ಕೆಲಸ ಬಿಟ್ಟರು. ಬೆಂಗಳೂರಿನಲ್ಲಿ ಅಂಧರಿಗಾಗಿ ಇರುವ ಒಂದು ಸಂಸ್ಥೆಯಲ್ಲಿ ಮೂರು ತಿಂಗಳು ಇದ್ದು, ಮಾತಾಡುವ ಕಂಪ್ಯೂಟರಿನಲ್ಲಿ ಕೆಲಸ ಮಾಡುವುದನ್ನು ಕಲಿತು ಬಂದರು. ವಕೀಲರು, ಸೋಮವಾರ ಬಂದು ಮಾಡಿ ತೋರಿಸು, ನಿನ್ನಿಂದ ಆಗುವುದಾದರೆ ಕೆಲಸ ನಿನ್ನದೇ, ಇಲ್ಲದಿದ್ದರೆ ಒಂದನೇ ತಾರೀಕಿನಿಂದ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದರು.

ಇಷ್ಟನ್ನೂ ನನಗೆ ಹೇಳಿದ್ದು ಮುರುಗೇಶ. ನಾನು ಕೇಳಿದ್ದೂ ಅವರನ್ನೇ. ಕಂಪ್ಯೂಟರ್ ಬಳಸುವವರು ಎರಡು ಅಡಿ ದೂರದಲ್ಲಿ ಕೂತಿದ್ದರೂ ನಾನು ಅವರ ತಲೆಯ ಮೇಲಿನಿಂದ ತಮ್ಮನ ಜೊತೆ ಮಾತಾಡಿದೆ. ಈಗ ನೆನೆಸಿಕೊಂಡರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ. ವಸಂತಾ ಒಂದೆರಡು ಸಲ, "ಸಾರ್, ಇದು ಯಾವಾಗ್ಲೂ ಅಲ್ಲ..." ಎಂದು ಶುರು ಮಾಡಿದರು. "ತಾಳಿಯಮ್ಮ, ನೋಡ್ತೀನಿ" ಎಂದು ನಾನು ಬಾಯಿ ಮುಚ್ಚಿಸಿದೆ.

ಕಂಪ್ಯೂಟರ್ ಮಾತಾಡಿದ್ದನ್ನು ಕೇಳಿದೆ. ಬಿಸಿ ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ. ಒಂದು ಪದವೂ ನನಗೆ ತಿಳಿಯಲಿಲ್ಲ. ಓಹೋ, ಇದೇ ರೋಗ ಎಂದುಕೊಂಡೆ. ಆ ಓದುವ ಪ್ರೋಗ್ರಾಮಿನ ಒಳಗೆ ಹುಡುಕಿದೆ, ವೇಗ ಎಂಬ ಕಡ್ಡಿ ಬಲತುದಿಯ ಹತ್ತಿರ ಇತ್ತು. ಗಾಜನೂರಿನ ಅಜ್ಜಿಯ ಪಾಠ ಕಲಿತಿದ್ದೇನಲ್ಲ, ಕಡ್ಡಿಯನ್ನು ಮಧ್ಯಕ್ಕಿಂತ ಕೆಳಗೆ ಎಳೆದೆ. ಯಂತ್ರ ಒಂದೊಂದೇ ಪದ ಬಿಡಿಸಿ ಹೇಳತೊಡಗಿತು. ಭಕ್ತಿಗೀತೆಯ ಸಿಡಿ ಹಾಕಿದೆ. ಹಾಡು ಗಂಟೆ ಹೊಡೆದ ಹಾಗೆ ಬಂತು. ಮುರುಗೇಶರ ಮುಖ ಅರಳಿತು. ಚೀಟಿ ಮುಂದಿಟ್ಟೆ.

"ಅಕ್ಕಾ, ಸರಿ ಹೋಯ್ತಲ್ಲ?" ಎಂದರು ಅವರು ಸಹಿ ಹಾಕುತ್ತಾ.

ವಸಂತಾ ಕೀಲಿಗಳ ಮೇಲಿಂದ ಬೆರಳು ತೆಗೆದರು. ಮಡಿಲಲ್ಲಿ ಕೈ ಇಟ್ಟುಕೊಂಡು ಕೂತಿದ್ದರು. ನಾನು ಬಸ್ ಹತ್ತಿದೆ.

ಶನಿವಾರ ಅಂಗಡಿಗೆ ಫೋನ್ ಬಂತು. ನಾನೇ ಎತ್ತಿದೆ. ಹೆಂಗಸಿನ ದನಿ, ಒಂದು ಅಕ್ಷರವೂ ತೊಡರದ ಮಾತು.

"ನಾನು ಭದ್ರಾವತಿಯಿಂದ ವಸಂತಾ. ನೀವು ಬುಧವಾರ ಏನು ಸರಿ ಮಾಡಿದ್ರೋ ಅದು ಕೆಟ್ಟಿರ್ಲಿಲ್ಲ. ಯಾವುದು ಕೆಟ್ಟಿದ್ಯೋ ಅದನ್ನ ನೀವು ನೋಡ್ಲೇ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಮಂಜಪ್ಪ ಸಾರ್‌ಗೆ ಹೇಳಿದೆ. ಅವರು ಚೀಟಿ ತೆಗೆದು ನೋಡಿ, "ಸಹಿ ಇದೆ. ಸರ್ವಿಸ್ ಕಾಲ್ ಮುಗಿದಿದೆ. ಬುಧವಾರ ಆ ಕಡೆ ಹೋಗೋದಿದೆಯಲ್ಲ, ಆಗ ಒಂದ್ಸಲ ಇಣುಕಿ ಬಾ" ಎಂದರು. ಸೋಮವಾರ ಪರೀಕ್ಷೆಯಂತೆ ಎಂದೆ. "ಹಾಗಾದ್ರೆ ನಿನ್ನ ಭಾನುವಾರ ನಿನ್ನಿಷ್ಟ ಮಾರಾಯ" ಎಂದು ಎದ್ದು ಹೋದರು.

ಭಾನುವಾರ ಬೆಳಿಗ್ಗೆ ಹೋದೆ. ಮರುಕದಿಂದ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ತಪ್ಪು ಅವರದೇ ಎಂದು ಆ ಹೆಂಗಸಿಗೆ ತೋರಿಸಿ ಬರಬೇಕು ಎಂದು ಹೋದೆ. ಮುರುಗೇಶ ಶಿಫ್ಟಿಗೆ ಹೋಗಿದ್ದರು. ಅವರ ಹೆಂಡತಿ ಬಾಗಿಲು ತೆಗೆದರು. ವಸಂತಾ ಕುರ್ಚಿಯಲ್ಲಿ ಕೂತೇ, "ಮೊದಲು ವೇಗ ನಾನು ಇಟ್ಟಿದ್ದ ಜಾಗಕ್ಕೇ ತನ್ನಿ ಸಾರ್. ನೀವು ಪುಸ್ತಕ ಓದೋವಾಗ ಒಂದೊಂದಕ್ಷರ ಕೂಡಿಸಿ ಓದ್ತೀರಾ?" ಎಂದರು.

ಕಡ್ಡಿಯನ್ನು ಬಲಕ್ಕೆ ಎಳೆದೆ. ಮತ್ತೆ ಸಾಸಿವೆ ಸಿಡಿಯಿತು.

"ಈಗ ಹೇಳಿದ್ದೇನು ಗೊತ್ತಾ? ಫೈಲಿನ ಹೆಸರು, ದಿನಾಂಕ, ಎಷ್ಟು ಪುಟ, ನಾನು ಎಷ್ಟನೇ ಸಾಲಲ್ಲಿದ್ದೀನಿ" ಎಂದರು. "ಇದು ನನಗೆ ಸರಾಗ. ಆದ್ರೆ ಮಧ್ಯೆ ಮಧ್ಯೆ ಮುರಿಯುತ್ತೆ. ಪದದ ಬಾಲ ಹೋಗುತ್ತೆ, ಇಲ್ಲಾ ಒಂದೇ ತುಂಡು ಎರಡೆರಡು ಸಲ ಬರುತ್ತೆ. ಈಗ ಮುರೀತು ನೋಡಿ. ಈಗ."

ನನಗೆ ಎಲ್ಲವೂ ಒಂದೇ ಥರ ಕೇಳುತ್ತಿತ್ತು. ಇಪ್ಪತ್ತು ವರ್ಷ ಕಿವಿಯಿಂದಲೇ ಅನ್ನ ತಿಂದವನು ನಾನು. ಅವತ್ತು ನನ್ನ ಕಿವಿಗೆ ಒಡಕು ಯಾವುದು, ಮಾತು ಯಾವುದು ಎಂದು ಗೊತ್ತಾಗಲಿಲ್ಲ. ಸಿಡಿ ಹಾಡು ಮಾತ್ರ ಹೇಗೆ ಚೆನ್ನಾಗಿ ಬಂತು ಎಂದು ಯೋಚಿಸುತ್ತಾ ಕ್ಯಾಬಿನೆಟ್ ಬಿಚ್ಚಿದೆ. ಕಾರಣ ಕಣ್ಣೆದುರಿಗೇ ಇತ್ತು. ಆಗಿನ ಕಂಪ್ಯೂಟರುಗಳಲ್ಲಿ ಸಿಡಿ ಡ್ರೈವಿನ ಬೆನ್ನಿನಿಂದ ಒಂದು ಸಣ್ಣ ತಂತಿ ನೇರವಾಗಿ ಸೌಂಡ್ ಕಾರ್ಡಿಗೆ ಬರುತ್ತಿತ್ತು. ಹಾಡಿನ ಸಿಡಿ ಹಾಕಿದರೆ ದನಿ ಆ ತಂತಿಯಲ್ಲೇ ಹರಿದು ಸ್ಪೀಕರಿಗೆ ಹೋಗುತ್ತದೆ, ಕಂಪ್ಯೂಟರಿನ ತಲೆಗೆ ಅದರ ಸುದ್ದಿಯೇ ಇರುವುದಿಲ್ಲ. ಕಂಪ್ಯೂಟರ್ ತಾನೇ ಹುಟ್ಟಿಸುವ ಮಾತು ಬರುವುದು ಬೇರೆ ದಾರಿಯಲ್ಲಿ. ಆ ದಾರಿ ಕೆಟ್ಟಿದ್ದರೂ ಹಾಡು ಚೆನ್ನಾಗಿಯೇ ಬರುತ್ತದೆ. ಕೋರ್ಸಿನಲ್ಲಿ ಇದನ್ನು ಕಲಿತಿದ್ದೆ. ತಿಳಿದಿದ್ದೂ ಅಷ್ಟು ವರ್ಷ ಆ ಸಿಡಿ ಹಾಕಿ ಸಹಿ ಹಾಕಿಸಿಕೊಂಡಿದ್ದೆ. ಎಷ್ಟು ಮನೆಗಳಲ್ಲಿ ಏನೂ ಸರಿಯಾಗದೆ ಬಂದಿದ್ದೇನೋ ದೇವರೇ ಬಲ್ಲ.

ಅಲ್ಲಿಂದ ಮಧ್ಯಾಹ್ನದವರೆಗೆ ನನಗೆ ಗೊತ್ತಿದ್ದ ವಿದ್ಯೆಯೆಲ್ಲ ಖರ್ಚಾಯಿತು. ಸ್ಪೀಕರ್ ಬದಲಿಸಿದೆ. ಡ್ರೈವರ್ ತೆಗೆದು ಮತ್ತೆ ಹಾಕಿದೆ. ಮೆಮೊರಿ ಕಿತ್ತು ಒರೆಸಿದೆ. ಪ್ರತಿ ಸಲವೂ ಅವರು ಒಂದು ಪುಟ ಓದಿಸಿ ಕೇಳಿ, "ಇಲ್ಲ ಸಾರ್, ಹಂಗೇ ಇದೆ" ಎನ್ನುತ್ತಿದ್ದರು. ಮುರುಗೇಶರ ಹೆಂಡತಿ ಊಟಕ್ಕೆ ಎಬ್ಬಿಸಿದರು. ಸಾರನ್ನ ಕಲೆಸುತ್ತಾ ವಸಂತಾ ತಾವಾಗಿಯೇ ಮಾತು ತೆಗೆದರು.

"ಟೈಪಿಂಗ್ ಕಲಿಸಿದ ಮೇಷ್ಟ್ರು ಕೀ ಮೇಲೆ ಬಟ್ಟೆ ಹೊದಿಸ್ತಿದ್ರು. ಇಣುಕಿದ್ರೆ ಸ್ಕೇಲಲ್ಲಿ ಏಟು. ಕಣ್ಣು ಹೋದ್ರೂ ಕೈ ಹೋಗಲ್ಲ ಅಂತ ನಂಬಿಕೊಂಡು ಒಂದು ವರ್ಷ ಹಂಗೇ ಆಫೀಸಿಗೆ ಹೋದೆ. ಒಂದಿನ ಟೈಪ್ ಮೆಷಿನ್ನಿನ ರಿಬ್ಬನ್ ಮುಗಿದಿದೆ, ನನಗೆ ಗೊತ್ತಿಲ್ಲ. ಎರಡು ಪುಟ ಹೊಡೆದು ವಕೀಲ್ ಸಾರ್ ಕೈಗೆ ಕೊಟ್ಟೆ. ಅವರು ಏನೂ ಅನ್ಲಿಲ್ಲ. ಬಹಳ ಹೊತ್ತು ಏನೂ ಅನ್ಲಿಲ್ಲ. ಆಗ ತಿಳೀತು, ಖಾಲಿ ಹಾಳೆ ಕೊಟ್ಟಿದ್ದೀನಿ ಅಂತ. ಮಾರನೇ ದಿನದಿಂದ ನಾನೇ ಹೋಗ್ಲಿಲ್ಲ."

ಬೆಳಿಗ್ಗೆ ತಂದಿದ್ದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಕೈ ತೊಳೆದು ಬಂದು, ದಣಿವಿಗೋ ಏನೋ, ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆಯನ್ನು ಆಗ ಕೇಳಿದೆ.

"ಅಕ್ಕಾ, ಇದು ಯಾವತ್ತಿಂದ ಹಿಂಗೆ?"

"ನೀವು ಆ ಫೋನಿನ ಕಾರ್ಡ್ ಹಾಕಿ ಹೋದ್ರಲ್ಲ, ಅವತ್ತು ಸಾಯಂಕಾಲದಿಂದ. ಅದಕ್ಕೂ ಇದಕ್ಕೂ ಸಂಬಂಧ ಇದ್ಯೋ ಇಲ್ವೋ ನನಗೆ ಗೊತ್ತಿಲ್ಲ. ಆದ್ರೆ ಮನೆ ಫೋನ್ ರಿಂಗ್ ಆದಾಗ ಮಾತು ಪೂರಾ ನಿಂತೇ ಹೋಗುತ್ತೆ."

ಪಕ್ಕದ ಮನೆಯಿಂದ ಈ ಮನೆಗೆ ಫೋನ್ ಮಾಡಿಸಿದೆ. ಗಂಟೆ ಹೊಡೆಯುತ್ತಿದ್ದಂತೆ ಕಂಪ್ಯೂಟರಿನ ಮಾತು ಕತ್ತರಿಸಿದ ಹಾಗೆ ನಿಂತಿತು. ಅದು ನನ್ನ ಕಿವಿಗೂ ಕೇಳಿಸಿತು.

ಆದದ್ದು ಇಷ್ಟೇ. ಒಳಗಿನ ಪ್ರತಿ ಕಾರ್ಡಿಗೂ ಕಂಪ್ಯೂಟರಿನ ಗಮನ ಸೆಳೆಯಲು ಒಂದು ಕರೆಗಂಟೆಯ ತಂತಿ ಇರುತ್ತದೆ. ನಾನು ಮೋಡೆಮ್ ಹಾಕಿದ ಸ್ಲಾಟಿಗೂ ಸೌಂಡ್ ಕಾರ್ಡಿಗೂ ಆ ಯಂತ್ರದಲ್ಲಿ ಒಂದೇ ತಂತಿ. ಎರಡು ಮನೆಗೆ ಒಂದೇ ಕರೆಗಂಟೆ ಇಟ್ಟರೆ ಯಾರು ಬಂದರೂ ಎರಡು ಬಾಗಿಲೂ ತೆರೆಯಬೇಕಲ್ಲ, ಹಾಗೆ. ಮೋಡೆಮ್ ಕರೆದಾಗಲೆಲ್ಲ ಸೌಂಡಿನ ಕೆಲಸ ನಡುವೆ ನಿಲ್ಲುತ್ತಿತ್ತು. ಕೆಳಗೆ ಇನ್ನೊಂದು ಸ್ಲಾಟ್ ಖಾಲಿ ಇತ್ತು. ಅವತ್ತು ಕೈಗೆ ಹತ್ತಿರವಿದ್ದದ್ದರಲ್ಲಿ ತುರುಕಿ ಬಸ್ಸಿಗೆ ಓಡಿದ್ದೆ. ಒಂದು ಸ್ಕ್ರೂ ಬಿಚ್ಚಿ ಮೋಡೆಮನ್ನು ಕೆಳಗಿನ ಸ್ಲಾಟಿಗೆ ಹಾಕಿದೆ. ಯಂತ್ರ ಶುರು ಮಾಡಿದೆ.

ಅವರು ಒಂದು ಪುಟ ಓದಿಸಿದರು. ಎರಡು ಪುಟ. ಮತ್ತೆ ಫೋನ್ ಮಾಡಿಸಿ ಮೂರನೆಯದು. ಮುಖದಲ್ಲಿ ನಗುವೇನೂ ಬರಲಿಲ್ಲ. ಕುರ್ಚಿಗೆ ಬೆನ್ನು ಕೊಟ್ಟು ಕೂತರು. ನಾನು ನೋಡಿದಂತೆ ಅದೇ ಮೊದಲ ಸಲ ಅವರ ಬೆನ್ನು ಕುರ್ಚಿಗೆ ತಾಗಿದ್ದು.

"ಸರಿ ಹೋಯ್ತು. ಏನಾಗಿತ್ತು ಸಾರ್?"

ನಮ್ಮ ಕಸುಬಿನಲ್ಲಿ ಇದಕ್ಕೊಂದು ಸಿದ್ಧ ಉತ್ತರವಿದೆ. ಪಲ್ಲವಿಯೂ ಇಷ್ಟರಲ್ಲಿ ಕಲಿತಿರಬೇಕು. ತಪ್ಪು ನಮ್ಮದಾದಾಗ, ತಪ್ಪು ಯಾವುದೆಂದು ತಿಳಿಯದಾಗ, ತಿಳಿದರೂ ಹೇಳಲು ಮನಸ್ಸಿಲ್ಲದಾಗ ಅದೊಂದೇ ಉತ್ತರ.

"ಲೂಸ್ ಕಾಂಟ್ಯಾಕ್ಟ್ ಅಕ್ಕಾ" ಎಂದೆ.

ವಕೀಲರ ಕಚೇರಿಯ ಕಂಪ್ಯೂಟರಿಗೆ ಸೌಂಡೇ ಇರಲಿಲ್ಲ. ಹಾಗಾಗಿ ಸೋಮವಾರ ಮನೆಯದನ್ನೇ ಆಟೊದಲ್ಲಿ ಒಯ್ಯಬೇಕಿತ್ತು. ಜೋಡಿಸಿಕೊಡಲು ನಾನೂ ಬರುತ್ತೇನೆ ಎಂದು ಹೇಳಿದ್ದೆ. ಹತ್ತು ಗಂಟೆಗೆ ನಾನು, ವಸಂತಾ, ಮುರುಗೇಶ ಮೂವರೂ ಓಲ್ಡ್ ಟೌನಿನ ಆ ಮಹಡಿ ಹತ್ತಿದೆವು. ಚಂದ್ರಶೇಖರಯ್ಯನವರು ಗಂಭೀರ ಮನುಷ್ಯ, ಹಣೆಯಲ್ಲಿ ವಿಭೂತಿ, ಮೂಗಿನ ತುದಿಯಲ್ಲಿ ಕನ್ನಡಕ. ಇಡೀ ಗೋಡೆ ತುಂಬ ಕೇಸಿನ ಕಟ್ಟುಗಳು. ಮೂಲೆಯಲ್ಲಿ ಒಬ್ಬ ಗುಮಾಸ್ತರು. ನಾನು ಯಂತ್ರ ಜೋಡಿಸಿ, ಕಚೇರಿಯ ಪ್ರಿಂಟರಿಗೆ ಕೇಬಲ್ ಹಾಕಿ ಪಕ್ಕಕ್ಕೆ ನಿಂತೆ.

ವಕೀಲರು ಒಂದು ಅಂಗಡಿ ಬಾಡಿಗೆಯ ನೋಟಿಸನ್ನು ಬಾಯಲ್ಲಿ ಹೇಳುತ್ತಾ ಹೋದರು. ವಸಂತಾ ಅವರ ಬೆರಳು ಅವರ ಮಾತಿನ ಬೆನ್ನಿಗೇ ನಡೆಯಿತು. ಮುಗಿದ ಮೇಲೆ ಕಂಪ್ಯೂಟರಿನಿಂದ ಓದಿಸಿಕೊಂಡರು.

ವಕೀಲರು ಮುಖ ಸಿಂಡರಿಸಿ ನನ್ನ ಕಡೆ ತಿರುಗಿದರು. "ಇದೇನ್ರೀ ಹಿಂಗೆ ಬಡಬಡಿಸ್ತಿದೆ? ರಿಪೇರಿ ಆಗಿಲ್ವಾ?"

"ಆಗಿದೆ ಸಾರ್. ಅದು ಅವರ ವೇಗ. ನಮಗೆ ಕೇಳಿಸ್ಕೊಳ್ಳೋಕೆ ಬರಲ್ಲ ಅಷ್ಟೆ."

ಅಷ್ಟರಲ್ಲಿ ವಸಂತಾ ಎರಡು ಕಡೆ ನಿಲ್ಲಿಸಿ ತಿದ್ದಿ ಪ್ರಿಂಟ್ ಕೊಟ್ಟರು. ಹಾಳೆ ಹೊರಬರುವಾಗ ಅವರು ಅದರ ಮೇಲೆ ಬೆರಳಾಡಿಸಿದ್ದನ್ನು ನೋಡಿದೆ. ಅಕ್ಷರ ಬಿದ್ದಿದೆಯೋ ಇಲ್ಲವೋ ಬೆರಳಿಗೆ ತಿಳಿಯುವುದಿಲ್ಲ. ಆದರೂ ಆಡಿಸಿದರು. ವಕೀಲರು ಕೆಂಪು ಪೆನ್ಸಿಲ್ ಹಿಡಿದು ಮೇಲಿನಿಂದ ಕೆಳಗಿನ ತನಕ ಓದಿದರು. ಪೆನ್ಸಿಲ್ ಹಾಳೆಗೆ ತಾಗಲಿಲ್ಲ.

"ಬಾಯಲ್ಲಿ ಹೇಳಿದ್ದು ಸರಿಯಮ್ಮಾ. ಆದ್ರೆ ನಾನು ಬರೆದು ಇಡೋ ಡ್ರಾಫ್ಟು? ಅದನ್ನ ನಿನಗೆ ಯಾರು ಓದಿ ಹೇಳ್ತಾರೆ?"

"ಇಪ್ಪತ್ತು ವರ್ಷದಿಂದ ನಿಮ್ಮ ಅಕ್ಷರ ಯಾರ ಕೈಲೂ ಓದಕ್ಕಾಗಿಲ್ಲ ಸಾರ್. ಕಣ್ಣು ಚೆನ್ನಾಗಿದ್ದಾಗ್ಲೂ ನೀವೇ ಓದಿ ಹೇಳ್ತಿದ್ರಿ."

ಗುಮಾಸ್ತರು ಕೆಮ್ಮಿಕೊಂಡು ರಿಜಿಸ್ಟರಿನೊಳಗೆ ಮುಖ ಹುದುಗಿಸಿದರು. ವಕೀಲರ ಮೀಸೆಯ ತುದಿ ಸ್ವಲ್ಪ ಅಲುಗಿತು. ಆದರೆ ಅವರು ಒಪ್ಪಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ಬಹಳ ಮೆದುವಾಗಿ ಹೇಳಿದರು.

"ನೋಡು ವಸಂತಾ, ನಿನ್ನ ಕೈ ಮೇಲೆ ನನಗೆ ಅನುಮಾನ ಇಲ್ಲ. ಈ ಯಂತ್ರದ ಮೇಲೆ ಇದೆ. ಏನೋ ಲೂಸ್ ಕಾಂಟ್ಯಾಕ್ಟ್ ಆಗಿತ್ತು, ಎರಡು ವಾರ ಒದ್ದಾಡಿದ್ವಿ ಅಂತ ಮುರುಗೇಶ ಹೇಳಿದ. ನಾಳೆ ಕೋರ್ಟಿಗೆ ಹೊರಡೋ ಹೊತ್ತಿಗೆ ಮತ್ತೆ ಲೂಸ್ ಆದ್ರೆ? ಕಕ್ಷಿಗಾರನಿಗೆ ನಾನು ಏನು ಹೇಳ್ಲಿ?"

ವಸಂತಾ ಅವರಿಗೆ ನಾನು ಕೊಟ್ಟಿದ್ದೇ ಆ ಸುಳ್ಳು. ಅವರು ನನ್ನ ದನಿ ಬಂದಿದ್ದ ಕಡೆಗೆ ಮುಖ ತಿರುಗಿಸಿದರು. ಮಂಜಪ್ಪ ಸಾರ್ ಕಿವಿಗೆ ಬಿದ್ದರೆ ಏನಾದೀತು, ಭದ್ರಾವತಿಯ ಗಿರಾಕಿಗಳು ಏನೆಂದಾರು ಎಂದೆಲ್ಲ ತಲೆಯಲ್ಲಿ ಓಡಿತು. ಆಮೇಲೆ ಹೇಳಿಬಿಟ್ಟೆ.

"ಲೂಸ್ ಕಾಂಟ್ಯಾಕ್ಟ್ ಅಲ್ಲ ಸಾರ್. ಯಂತ್ರ ಕೆಟ್ಟೇ ಇರ್ಲಿಲ್ಲ. ಕೆಡಿಸಿದ್ದು ನಾನು. ಮೋಡೆಮ್ ಕಾರ್ಡ್ ತಪ್ಪು ಜಾಗದಲ್ಲಿ ಹಾಕಿದ್ದೆ. ಇವರು ಹೇಳಕ್ಕೆ ಬಂದ್ರು, ನಾನು ಕೇಳ್ಲಿಲ್ಲ. ಕೊನೆಗೆ ತಪ್ಪು ಎಲ್ಲಿದೆ ಅಂತ ಕಂಡುಹಿಡಿದಿದ್ದೂ ಇವರೇ. ಈಗ ಜಾಗ ಬದಲಾಯಿಸಿದ್ದೀನಿ, ಇದು ಮತ್ತೆ ಆಗಲ್ಲ. ನಿಮ್ಮ ಕಚೇರಿ ಕಂಪ್ಯೂಟರಿಗೂ ಸೌಂಡ್ ಕಾರ್ಡ್ ನಾನೇ ಹಾಕ್ಕೊಡ್ತೀನಿ."

ಮುರುಗೇಶ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದಿಲ್ಲ. ವಕೀಲರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೂವತ್ತು ವರ್ಷದಲ್ಲಿ ತಾನಾಗಿ ತಪ್ಪೊಪ್ಪಿಕೊಂಡವನನ್ನ ಈ ಕಚೇರಿಲಿ ನೋಡಿರ್ಲಿಲ್ಲ" ಎಂದರು. ಆಮೇಲೆ, "ನಾಳೆ ಹತ್ತು ಗಂಟೆಗೆ ಬಾಮ್ಮಾ. ಹಳೇ ಕುರ್ಚಿನೇ ಇದೆ" ಎಂದು ಹಾಳೆಗೆ ಸಹಿ ಹಾಕಿ ಗುಮಾಸ್ತರ ಕಡೆ ಚಾಚಿದರು. ಆ ನೋಟಿಸು ಅವತ್ತೇ ಅಂಚೆಗೆ ಹೋಯಿತು.

ಮುರುಗೇಶ ಮಾನಿಟರ್ ತರಲು ಮತ್ತೆ ಮಹಡಿ ಹತ್ತಿದಾಗ ಕೆಳಗೆ ಆಟೊದ ಹತ್ತಿರ ನಾನು, ವಸಂತಾ ಇಬ್ಬರೇ ಇದ್ದೆವು. ತಪ್ಪಾಯ್ತಕ್ಕಾ ಎಂದೆ. ಅವರು ಬಯ್ಯಲಿಲ್ಲ. ಯಾರಿಗೂ ಕೇಳಿಸಬಾರದು ಎಂಬಷ್ಟು ಸಣ್ಣಗೆ ಮಾತಾಡಿದರು.

"ಶನಿವಾರ ಫೋನಲ್ಲಿ ನಾನು ಜೋರಾಗಿ ಮಾತಾಡಿದೆ. ಕೋಪಕ್ಕೆ ಅಂದ್ಕೊಂಡ್ರೇನೋ. ಕೋಪಕ್ಕಲ್ಲ. ಬುಧವಾರ ನೀವು ಸರಿಯಿದೆ ಅಂದ್ರಿ, ತಮ್ಮ ಸರಿಯಿದೆ ಅಂದ, ಅವನ ಹೆಂಡ್ತಿನೂ ಸರಿಯಿದೆ ಅಂದ್ಲು. ನನಗೊಬ್ಬಳಿಗೇ ಒಡೆದು ಕೇಳ್ತಿತ್ತು. ಕಣ್ಣಿನ ಹಿಂದೆ ಕಿವಿನೂ ಹೊರಟಿದೆ ಅಂದ್ಕೊಂಡೆ. ಮೂರು ದಿನ, ಮನೇಲಿ ಯಾರೂ ಇಲ್ದಾಗ, ತಮ್ಮನ ಹಳೇ ವಾಚನ್ನ ಈ ಕಿವಿಗೊಂದ್ಸಲ ಆ ಕಿವಿಗೊಂದ್ಸಲ ಹಿಡ್ಕೊಂಡು ಕೂತಿರ್ತಿದ್ದೆ, ಟಿಕ್ ಟಿಕ್ ಸಣ್ಣಗಾಗ್ತಿದ್ಯಾ ಅಂತ."